ದುರಸ್ತಿ ಮತ್ತು ನಿರ್ವಹಣೆ

ಫೆಬ್ರವರಿ. ವಿರಾಜಪೇಟೆ ಪುರಸಭೆಯಲ್ಲಿ
ಕರಡು ಆಯವ್ಯಯದ ಮೂರನೆಯ ಪ್ರತಿ ನನ್ನ ಮೇಜಿನ ಮೇಲೆ.
ಹೂಮಳೆ ಈ ವಾರ ಬಂದೀತೆ ಎಂದು
ಸದಸ್ಯರು ಕಿಟಕಿಯಾಚೆ ನೋಡುತ್ತಾರೆ,
ಅರ್ಧ ಜನಕ್ಕೆ ಕಾಫಿ ತೋಟವಿದೆ.
ನನಗಿರುವುದು ಕಾಲಂಗಳು.

ಈ ಸಲ ಹೊಸ ಶೀರ್ಷಿಕೆ: ಆರೋಗ್ಯ ಪಟ್ಟಣ.
ಮೇಲಿಂದ ಬಂದ ಸುತ್ತೋಲೆಯ ಮುಖಪುಟದಲ್ಲಿ
ನಗುವ ಕುಟುಂಬ, ನಾಲ್ವರ ಕೈಯಲ್ಲೂ ಬಲೂನು.
ಸ್ವಾಗತ ಫಲಕಕ್ಕೆ ಮೂವತ್ತೆಂಟು ಸಾವಿರ.
ಬಯಲು ವ್ಯಾಯಾಮದ ಯಂತ್ರ ಆರು.
ಒಂದು ಬೆಳಗಿನ ಓಟ, ಟೋಪಿ ಸಹಿತ.
'ಓಟವಾ?' ಅಂದ ಅಟೆಂಡರ್ ಜೋಯಪ್ಪ, ಚಹಾ ಇಡುತ್ತ,
'ಗಡಿಯಾರ ಕಂಬದಿಂದ ನಮ್ಮನೆಗೆ ಹಾಲು ತರುವಷ್ಟರಲ್ಲೇ
ನನ್ನ ಆರೋಗ್ಯ ಮುಗಿದಿರುತ್ತೆ ಮೇಡಂ.'

ಮಾರುಕಟ್ಟೆಯ ಹಿಂದೆ ಮಹಿಳಾ ಶೌಚಾಲಯವೊಂದಿದೆ.
ಹನ್ನೊಂದು ಲಕ್ಷ. ಬಿಲ್ಲು ಪಾಸು ಮಾಡಿದ್ದು ನಾನೇ.
ಉದ್ಘಾಟನೆಯ ಕಲ್ಲು ಮೂರು ಮಳೆಗಾಲ ಮುಖ ತೊಳೆದುಕೊಂಡಿತು,
ಒಳಗಿನ ನಲ್ಲಿ ಒಮ್ಮೆಯೂ ಕೆಮ್ಮಲಿಲ್ಲ.

ಅದರ ಗೋಡೆಗೆ ಒರಗಿ ಸೈನಬಾ ಒಣಮೀನು ಹರಡುತ್ತಾಳೆ.
ಬೆಳಗ್ಗೆ ಆರಕ್ಕೆ ಅರ್ಧ ಲೋಟ ಚಾಯ,
ಆಮೇಲೆ ಮನೆ ಮುಟ್ಟುವ ತನಕ ಏನೂ ಇಲ್ಲ.
ಪಕ್ಕದಲ್ಲೇ ಬಾಟಲಿ ಇದೆಯಲ್ಲ ಅಂದೆ.
'ಅದು ಕೈ ತೊಳೀಲಿಕ್ಕೆ. ಕುಡಿದ್ರೆ ಹೋಗ್ಬೇಕಲ್ಲ,
ಎಲ್ಲಿಗೆ ಹೋಗೋದು?'
ಕಣಿಲೆ ಮಾರುವವಳು, ಗಾಂಧಾರಿ ಮೆಣಸಿನವಳು ನಕ್ಕರು.
'ಒಣಗಿಸೋ ವಿದ್ಯೆ ಬರೀ ಮೀನಿಗಾ,' ಅಂದಳು ಸೈನಬಾ.

ಸರ್ಕಾರಿ ಆಸ್ಪತ್ರೆಯ ಸಿಸ್ಟರ್ ಚೋಂದಮ್ಮನಿಗೆ
ಸಂತೆಯ ಮರುದಿನ ಯಾರು ಬರುತ್ತಾರೆಂದು ಗೊತ್ತು.
ಸಾಲಿನಲ್ಲಿ ನಿಂತವರು ಉರಿ ಎಂದು ಹೇಳುವುದಿಲ್ಲ,
ಸೊಂಟ ನೋವು ಅನ್ನುತ್ತಾರೆ.
ಆ ಮಾತ್ರೆಯ ಖರ್ಚು ನಮ್ಮ ಪುಸ್ತಕದಲ್ಲಿಲ್ಲ.
ಬೇರೆ ಇಲಾಖೆ.

'ಕಟ್ಟೋದಕ್ಕೆ ಅನುದಾನ ಬರುತ್ತಮ್ಮ,
ತೊಳೆಯೋದಕ್ಕೆ ನಮ್ಮ ದುಡ್ಡೇ ಬೇಕು,'
ಮುಖ್ಯಾಧಿಕಾರಿಗಳು ಕೆಟ್ಟವರಲ್ಲ, ದಣಿದವರು.
ದುರಸ್ತಿ ಮತ್ತು ನಿರ್ವಹಣೆ: ಪುಟದ ಕೊನೆಯಲ್ಲಿ,
ಮೊಳೆ ಹೊಡೆದ ಹಾಗೆ ಒಂದು ಸೊನ್ನೆ.
ಅಲ್ಲಿ ಕತ್ತರಿಸಲು ರಿಬ್ಬನ್ನಿಲ್ಲ.

ನಮ್ಮ ದುಡ್ಡು ಅಂದರೆ ಯಾವುದು?
ಆ ರಾತ್ರಿ ಸಂತೆ ಸುಂಕದ ರಸೀದಿ ಪುಸ್ತಕ ಬಿಚ್ಚಿದೆ.
ಗುಲಾಬಿ ಚೀಟಿ, ಒಂದಕ್ಕೆ ಇಪ್ಪತ್ತು ರೂಪಾಯಿ,
ಕೆಲವದರಲ್ಲಿ ಮೀನಿನ ವಾಸನೆ ಇನ್ನೂ ಇತ್ತು.
ಬುಟ್ಟಿ ಇಟ್ಟು ಕೂರುವ ಹೆಂಗಸರು ನೂರ ನಲವತ್ತು.
ವಾರಕ್ಕೊಂದು ಸಂತೆ, ಐವತ್ತೆರಡು ವಾರ.
ಒಂದು ಲಕ್ಷ ನಲವತ್ತೈದು ಸಾವಿರದ ಆರುನೂರು.
ಬೀಗದ ಕೈ ಹಿಡಿಯುವವಳಿಗೆ ತಿಂಗಳಿಗೆ ಹನ್ನೆರಡು ಸಾವಿರವಾದರೆ
ಉಳಿಯುವುದು ಒಂದು ಸಾವಿರದ ಆರುನೂರು,
ಫಿನಾಯಿಲಿಗೆ.
ಎರಡು ಸಲ ಕೂಡಿದೆ. ಕ್ಯಾಲ್ಕುಲೇಟರ್ ಬದಲಿಸಿ ಮತ್ತೆ ಕೂಡಿದೆ.
ಬಾಯಾರಿಕೆಯ ಬಾಡಿಗೆಯನ್ನು ಅವರೇ ಕಟ್ಟುತ್ತಿದ್ದರು,
ನಾವು ಅದನ್ನು 'ಇತರೆ ಆದಾಯ' ಎಂದು ಬರೆಯುತ್ತಿದ್ದೆವು.

ಸಭೆಯಲ್ಲಿ ಓಟಕ್ಕೆ ಎಲ್ಲರೂ ಕೈ ಎತ್ತಿದರು.
ಟೋಪಿಯ ಬಣ್ಣಕ್ಕೆ ಇಪ್ಪತ್ತು ನಿಮಿಷ.
ನನ್ನ ಹಾಳೆಗೆ ಬಂದಾಗ ಊಟದ ಹೊತ್ತು,
ಪಂದಿಕರಿಯ ಘಮ ವರಾಂಡ ದಾಟಿ ಒಳಗೆ ಬಂದಿತ್ತು.
ಹಸಿದವರು ಬೇಗ ಒಪ್ಪುತ್ತಾರೆ, ಕಡಿಮೆ ಒಪ್ಪುತ್ತಾರೆ:
ಸಂತೆಯ ದಿನ ಮಾತ್ರ. ಪೈಪು ಹಾಕಿಸಿ.
ಉಳಿದದ್ದು ಮುಂದಿನ ವರ್ಷ ನೋಡೋಣ.

ಏಪ್ರಿಲ್ಲಿನ ಮೊದಲ ಸಂತೆ.
ಪೊನ್ನಿ ಸೆರಗಿನ ತುದಿಗೆ ಬೀಗದ ಕೈ ಕಟ್ಟಿಕೊಂಡು
ಬಾಗಿಲ ಪಕ್ಕ ಸ್ಟೂಲು ಹಾಕಿ ಕೂತಿದ್ದಾಳೆ.
ಒಳಗೆ ನಲ್ಲಿ ಕಂದು ನೀರು ಕಾರಿ, ತಿಳಿಯಾಗುತ್ತಿದೆ.
ಹೋಗು ಅಂದರೆ ಸೈನಬಾ ನಂಬುವುದಿಲ್ಲ,
ಎಷ್ಟು ಗಂಟೆ ತನಕ ಅಂತ ಮೂರು ಸಲ ಕೇಳಿದಳು.

ನಂತರ ಬಾಟಲಿಯ ಮುಚ್ಚಳ ತೆಗೆದಳು.
ಒಂದು ಗುಟುಕು.
ಬಾಗಿಲ ಕಡೆ ನೋಡಿದಳು.
ಇನ್ನೊಂದು.